ಎಪ್ಪತ್ತೆರಡು ಕೊಡ, ಹದಿಮೂರು ಲೀಟರ್

ಕಲ್ಲೇಶ ಮಗಳ ಎಡಗಡೆಯ ಜಡೆ ಹೆಣೆದು ಮುಗಿಸಿ, ಬಲಗಡೆಯದಕ್ಕೆ ಕೂದಲನ್ನು ಮೂರು ಪಾಲು ಮಾಡಿಕೊಂಡಿದ್ದ. ಹೆಂಡತಿ ಅನ್ನಪೂರ್ಣ ಆಶಾ ಕಾರ್ಯಕರ್ತೆ. ಜಗಳೂರಿನಲ್ಲಿ ತರಬೇತಿ ಎಂದು ಬೆಳಗಿನ ಮೊದಲ ಬಸ್ಸಿಗೇ ಹೋಗಿದ್ದಳು. "ರೊಟ್ಟಿ ಬುಟ್ಟೀಲಿ ಐತೆ. ಜಡೆ ಮಾತ್ರ ನೀವೇ ಹಾಕ್ರಿ" ಎಂದು ಹೇಳಿ ಹೋಗಿದ್ದಳು. ಊರಿನ ಅಷ್ಟೂ ಪೈಪುಗಳನ್ನು ಬಿಚ್ಚಿ ಜೋಡಿಸುವ ನೀರುಗಂಟಿಗೆ ಎಂಟು ವರ್ಷದ ಹುಡುಗಿಯ ಜಡೆ ಯಾವ ದೊಡ್ಡ ಕೆಲಸ ಎಂದುಕೊಂಡಿದ್ದ ಅವನು. ಆದರೆ ಎಡಗಡೆಯ ಜಡೆ ಹಲ್ಲು ತಪ್ಪಿದ ಸೈಕಲ್ ಚೈನಿನಂತೆ ಸೊಟ್ಟಗೆ ತಿರುಗಿ ನಿಂತಿತ್ತು. ಅಕ್ಷಿತಾ ಮಾತು ಕಡಿಮೆಯ ಹುಡುಗಿ. ಅಪ್ಪ ಎಳೆದ ಕಡೆಗೆ ತಲೆ ಕೊಟ್ಟು ಸುಮ್ಮನೆ ಕೂತಿದ್ದಳು.

"ಕಲ್ಲೇಶಾ! ಏ ಕಲ್ಲೇಶಾ!"

ಬಾಗಿಲಲ್ಲಿ ಉಡಚಮ್ಮ ನಿಂತಿದ್ದಳು. ಮೇಲ್ಬೀದಿಯಲ್ಲಿ ಅವಳ ದನಿ ಕೇಳದ ಮನೆಯೇ ಇಲ್ಲ. ಒಂದು ಕೈಯಲ್ಲಿ ಹೆಪ್ಪಿನ ಬಟ್ಟಲು, ಇನ್ನೊಂದು ಕೈ ಸೊಂಟದ ಮೇಲೆ.

"ನನ್ನ ನಲ್ಲಿ ನಿಂತು ಹತ್ತು ನಿಮಿಷ ಆತು. ಹೆಪ್ಪು ಇಸ್ಕಂಡು ಬರಾಕೆ ಕೆಳಬೀದಿ ಬೊಮ್ಮಕ್ಕನ ಮನೆಗೆ ಹೋದ್ರೆ, ಅವ್ಳ ನಲ್ಲೀಲಿ ಇನ್ನೂ ನೀರು ಬರ್ತೈತೆ! ಆರನೇ ಕೊಡ ತುಂಬಿಸ್ತಾ ಅವ್ಳೆ. ಏನಪ್ಪಾ, ಅವ್ಳಿಗೆ ಬ್ಯಾರೆ ಟ್ಯಾಂಕ್ ಕಟ್ಸಿ ಕೊಟ್ಟೀಯಾ?"

ಇಲ್ಲಿ ಕಲ್ಲೇಶ ಒಂದು ಸುಳ್ಳು ಹೇಳಿದ್ದರೆ ಆ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಅವನು ನಿಜ ಹೇಳಿದ.

"ಅದು ಪೈಪ್ನಾಗೆ ಉಳಿದ ನೀರು, ದೊಡ್ಡಮ್ಮ. ಗುಡ್ಡದ ಮೇಲೆ ಟ್ಯಾಂಕಿನ ವಾಲ್ವ್ ಹಾಕಿ ನೀರು ನಿಲ್ಲಿಸ್ತೀನಲ್ಲ, ಆಮೇಲೆ ಮೇಲ್ಬೀದಿ ಪೈಪ್ನಾಗಿರೋ ನೀರು ಇಳಿಜಾರಿಗೆ ಹರಿದು ಕೆಳಬೀದಿಗೆ ಹೋಗ್ತೈತೆ. ಮೊದ್ಲಿಂದ್ಲೂ ಹಂಗೇ."

"ಯಾವ ಬೀದಿ ಪೈಪ್ನಾಗಿರೋದು ಅಂದೆ?"

"ಮೇಲ್ಬೀದಿ..."

"ಹಂಗಾದ್ರೆ ಅದು ನಮ್ಮ ನೀರು!"

ಇಷ್ಟು ಹೇಳಿ ಉಡಚಮ್ಮ ಹೊರಟಳು. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಮೇಲ್ಬೀದಿ ಪೂರ್ತಿ ಉಕ್ಕಿ ಕಲ್ಲೇಶನ ಮನೆಮುಂದೆ ಬಂತು. ಎಲ್ಲರ ಮುಂದೆ ಪಂಚಾಯ್ತಿ ಮೆಂಬರ್ ಗಾದ್ರಪ್ಪ. ಟವೆಲ್ಲು ಹೆಗಲ ಮೇಲೆ, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿ. ಅವನ ಮನೆಯೂ ಮೇಲ್ಬೀದಿಯಲ್ಲೇ.

"ನೋಡೋ ಕಲ್ಲೇಶ" ಎಂದ ಗಾದ್ರಪ್ಪ, ಬ್ರಷ್ಷನ್ನು ದವಡೆಗೆ ಸರಿಸಿ. "ಒಂದು ಬೀದಿ ನೀರು ಇನ್ನೊಂದು ಬೀದಿಗೆ ಹೋಗೋದು ತಪ್ಪು. ಎಷ್ಟು ನೀರು ಹೋಗ್ತೈತೆ, ಅದನ್ನ ಹೆಂಗೆ ನಿಲ್ಲಿಸ್ತೀಯ, ಸಂಜೆಯೊಳಗೆ ಹೇಳು. ಇಲ್ಲಾಂದ್ರೆ ಚಾವಿ ತಂದು ಪಂಚಾಯ್ತೀಲಿ ಇಟ್ಟುಬಿಡು. ನೀರು ಬಿಡಾಕೆ ಬ್ಯಾರೆಯವ್ರು ಸಿಗ್ತಾರೆ."

ಕಲ್ಲೇಶ ಒಳಗಿನ ದೇವರ ಗೂಡಿನ ಕಡೆ ತಿರುಗಿ ನೋಡಿದ. ಆ ಚಾವಿ ಎಂದರೆ ವಾಲ್ವ್ ತಿರುಗಿಸುವ ಮೊಳದುದ್ದದ ಕಬ್ಬಿಣದ ಸಲಾಕೆ. ಹನ್ನೊಂದು ವರ್ಷದಿಂದ ಅವನ ಮನೆಯ ಅನ್ನ ಅದರ ತುದಿಯಿಂದಲೇ ತಿರುಗಿ ಬರುತ್ತಿತ್ತು. ಬಿಳಿಚೋಡಿನ ಸುತ್ತಲಿನ ಹಳ್ಳಿಗಳಲ್ಲಿ ದನ ಕಾಯುವುದು, ಜೋಳ ಬಿತ್ತುವುದು ಬಿಟ್ಟರೆ ತಿಂಗಳ ಕೊನೆಗೆ ಸಂಬಳ ತರುವ ಕೆಲಸ ಎಷ್ಟಿದ್ದಾವು? ಚಾವಿಯನ್ನು ಅವನು ದೇವರ ಗೂಡಿನ ಪಕ್ಕದಲ್ಲೇ ಇಡುತ್ತಿದ್ದ.

"ಪೈಪಿನ ಒಳಗಿನ ನೀರು ಹೆಂಗೆ ಅಳೀಲಿ, ಗಾದ್ರಪ್ಪಣ್ಣ? ಅದೇನು ಜೋಳಾನಾ, ಸೇರಿಗೆ ಸುರಿಯಾಕೆ?"

"ಅಳೆಯೋದು ಬೇಡ, ಲೆಕ್ಕ ಹಾಕಿದ್ರೆ ಸಾಕು" ಎಂಬ ದನಿ ಹಿಂದಿನಿಂದ ಬಂತು.

ಜನ ದಾರಿ ಬಿಟ್ಟರು. ಷಣ್ಮುಖಪ್ಪ ಮೇಷ್ಟ್ರು ಮುಂದೆ ಬಂದರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಎಂದು ಮೂರು ತಾಲೂಕಿನ ಮಕ್ಕಳಿಗೆ ಮೂವತ್ತನಾಲ್ಕು ವರ್ಷ ಗಣಿತ ಹೇಳಿ ನಿವೃತ್ತರಾದವರು. ಅಷ್ಟೂ ವರ್ಷ ಸಿಲಿಂಡರಿನ ಘನಫಲ ಹೇಳಿಕೊಟ್ಟಿದ್ದರು, "ಇದು ಯಾವ ಕೆಲಸಕ್ಕೆ ಬರುತ್ತೆ ಸಾರ್?" ಎಂದು ಅಷ್ಟೂ ವರ್ಷ ಮಕ್ಕಳು ಕೇಳಿದ್ದರು. ಉತ್ತರ ಕೊಡುವ ದಿನ ಇವತ್ತು ಬಂದಿತ್ತು. ಮೇಷ್ಟ್ರ ಮುಖ ಎಣ್ಣೆ ಕಂಡ ದೀಪದ ಹಾಗೆ ಬೆಳಗುತ್ತಿತ್ತು.

"ಪೈಪು ಅಂದ್ರೆ ಉದ್ದನೆಯ ಸಿಲಿಂಡರ್. ಒಳಗಿನ ಅಗಲ ಬೇಕು, ಉದ್ದ ಬೇಕು. ಅಷ್ಟೇ."

ಅಗಲ ಸುಲಭವಾಗಿ ಸಿಕ್ಕಿತು. ಪೈಪು ಹಾಕಿದಾಗ ಉಳಿದ ಒಂದು ತುಂಡು ಗಾದ್ರಪ್ಪನ ಹಿತ್ತಲಲ್ಲಿತ್ತು. ಅದರಲ್ಲಿ ಕೋಳಿಯೊಂದು ಮೊಟ್ಟೆ ಇಡಲು ನೋಡಿ ಜಾಗ ಸಾಲದೆ ವಾಪಸಾಗಿತ್ತು. ಮೇಷ್ಟ್ರು ಅಡಿಪಟ್ಟಿ ಇಟ್ಟು, "ಒಳಗೆ ಏಳೂವರೆ ಸೆಂಟಿಮೀಟರ್" ಎಂದರು.

ಅಷ್ಟರಲ್ಲಿ ಸುದ್ದಿ ಕೆಳಬೀದಿಗೂ ಇಳಿದು, ಬೊಮ್ಮಕ್ಕ ಆರೇಳು ಹೆಂಗಸರೊಂದಿಗೆ ಹತ್ತಿ ಬಂದಳು. ಬಂದವಳೇ ಅಕ್ಷಿತಾಳ ತಲೆ ನೋಡಿ, "ಅಯ್ಯೋ ನಮ್ಮವ್ವ, ಇದೇನು ಜಡೇನಾ, ಹಗ್ಗಾನಾ?" ಎಂದು ಹುಡುಗಿಯನ್ನು ಎರಡು ಕಾಲ ನಡುವೆ ಕೂರಿಸಿಕೊಂಡು, ಜಡೆ ಬಿಚ್ಚಿ ಹೊಸದಾಗಿ ಹೆಣೆಯುತ್ತಲೇ ಜಗಳಕ್ಕೆ ಕೂತಳು.

"ಮೇಷ್ಟ್ರೇ, ಪೈಪ್ನಾಗೆ ಕೆಸರು ಕಟ್ಕಂಡಿರ್ತೈತೆ. ಅದನ್ನೂ ಕಳೀರಿ ಮತ್ತೆ."

"ಯಾಕೆ ಕಳೀಬೇಕು? ಕೆಸರೂ ನಮ್ದೇ!" ಎಂದಳು ಉಡಚಮ್ಮ.

"ಹಂಗಾದ್ರೆ ಕೆಸರು ಪೂರ್ತಿ ನೀನೇ ಇಟ್ಕ ಅಕ್ಕ, ನೀರು ನಮಗಿರ್ಲಿ."

ಉದ್ದ ಅಳೆಯುವುದು ಕಷ್ಟವಾಯಿತು. ಟೇಪು ಊರಲ್ಲಿ ಒಂದೇ, ಅದು ಗಾರೆ ಕೆಲಸದವನ ಜೊತೆ ದಾವಣಗೆರೆಗೆ ಹೋಗಿತ್ತು. ಆಗ ಉಡಚಮ್ಮ ಧಾರಾಳವಾಗಿ ತನ್ನ ಹಳೆಯ ಸೀರೆ ತಂದಳು. "ಹದಿನೆಂಟು ಮೊಳ. ನಮ್ಮಪ್ಪ ಕೊಡಿಸಿದ್ದು. ಇದ್ರಾಗೆ ಅಳೀರಿ."

ಸೀರೆಯ ಒಂದು ತುದಿ ಕಲ್ಲೇಶನಿಗೆ, ಇನ್ನೊಂದು ತುದಿ ಗಾದ್ರಪ್ಪನಿಗೆ. ಅಳತೆ ಶುರುವಾಗಿ ಎಂಟು ಸೀರೆ ದಾಟುವಷ್ಟರಲ್ಲಿ, ಹಿಂದೆಯೇ ಬಂದಿದ್ದ ಬೊಮ್ಮಕ್ಕ ಕೈ ಅಡ್ಡ ಹಿಡಿದಳು.

"ತಡೀರಿ! ಉಡಚಕ್ಕಾ, ಈ ಸೀರೆ ಸೆರಗು ಹರಿದು ಮೊಮ್ಮಗನಿಗೆ ಜೋಲಿ ಕಟ್ಟಿದ್ದು ನಾನು ನೋಡಿಲ್ವಾ? ಇದು ಹದಿನೆಂಟು ಮೊಳ ಎಲ್ಲೈತೆ? ಸೀರೆ ಮೋಟು ಮಾಡಿ ನೀರು ಉದ್ದ ಮಾಡ್ತೀಯಾ?"

ಉಡಚಮ್ಮ ಒಂದು ಗಳಿಗೆ ಆಕಾಶ ನೋಡಿದಳು. "ಹರಿದಿದ್ದು ಮರೆತೇ ಹೋಗಿತ್ತು, ತಾಯಿ. ವಯಸ್ಸಾತು" ಎಂದಳು.

ಮೇಷ್ಟ್ರು ಸೀರೆಯನ್ನು ಕಟ್ಟೆಯ ಮೇಲೆ ಹಾಸಿ ಅಡಿಪಟ್ಟಿಯಿಂದ ಅಳೆದರು. ಏಳೂವರೆ ಮೀಟರ್ ಬಂತು. ಮತ್ತೆ ಟ್ಯಾಂಕಿನ ಬುಡದಿಂದ ಶುರು. ಬಿಸಿಲೇರಿತು. ಹಿಂದೆ ಮಕ್ಕಳು, ಮಕ್ಕಳ ಹಿಂದೆ ಎರಡು ಆಡು, ನಡುವೆ ಬೀದಿಯುದ್ದಕ್ಕೂ ಸೀರೆ, ಹಾದುಹೋದ ಸೊಪ್ಪಿನವಳು "ಯಾರ ಮನೆ ಮದುವೆ ಮೆರವಣಿಗೆ?" ಎಂದು ಕೇಳಿಯೇ ಬಿಟ್ಟಳು. ಮೂವತ್ತಮೂರನೇ ಸೀರೆಯ ತುದಿ ಮೇಲ್ಬೀದಿಯ ಕೊನೆಯ ಮನೆಯಾದ ಕಲ್ಲೇಶನ ಬಾಗಿಲಿಗೇ ಬಂದು ಮುಗಿಯಿತು. ಅಲ್ಲಿಂದ ಆಚೆ ಕೆಳಬೀದಿ.

ಮೇಷ್ಟ್ರು ಕಲ್ಲೇಶನ ಮನೆಯ ಗೋಡೆಯ ಮೇಲೇ ಇದ್ದಿಲಿನಿಂದ ಲೆಕ್ಕ ಬರೆದರು. ಏಳೂವರೆಯ ಅರ್ಧವನ್ನು ಅದರಿಂದಲೇ ಗುಣಿಸಿ, ಪೈ ಹಾಕಿ, ಉದ್ದ ಹಾಕಿ, ನಡುವೆ ಒಂದು ಸೊನ್ನೆ ಒರೆಸಿ, ಎರಡು ಸಲ ತಾಳೆ ನೋಡಿ ತಿರುಗಿದರು.

"ಸಾವಿರದ ತೊಂಬತ್ತಮೂರು ಲೀಟರ್. ಕೊಡಕ್ಕೆ ಹದಿನೈದು ಲೀಟರ್ ಹಿಡಿದ್ರೆ ಎಪ್ಪತ್ತೆರಡು ಕೊಡ. ಮೇಲೆ ಹದಿಮೂರು ಲೀಟರ್."

ಮೇಲ್ಬೀದಿ ಬಾಯಿ ತೆರೆದು ನಿಂತಿತು. ಇಷ್ಟು ದಿನ ತಮ್ಮ ಕಾಲಡಿಯಲ್ಲೇ ಎಪ್ಪತ್ತೆರಡು ಕೊಡ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ.

"ನೀರು ಬಿಟ್ಟಾಗೆಲ್ಲ ಎಪ್ಪತ್ತೆರಡು ಕೊಡ ವಾಪಸ್ ಕೊಡ್ಲಿ!" ಎಂದಳು ಉಡಚಮ್ಮ.

"ನಾವೇನು ಕದ್ದು ತಂದ್ವಾ? ತಾನಾಗೇ ಮನೆಗೆ ಬಂದೈತೆ. ಬಂದ ನೆಂಟ್ರನ್ನ ಯಾರಾದ್ರೂ ತಲೆಮ್ಯಾಲೆ ಹೊತ್ಕಂಡು ವಾಪಸ್ ಬಿಟ್ಟು ಬರ್ತಾರಾ?" ಎಂದಳು ಬೊಮ್ಮಕ್ಕ, ಜಡೆಗೆ ರಿಬ್ಬನ್ನು ಬಿಗಿಯುತ್ತಾ.

ಎಲ್ಲರೂ ಕಲ್ಲೇಶನ ಕಡೆ ತಿರುಗಿದರು. ಅವನ ಕಣ್ಣು ಬಾಗಿಲ ಮುಂದಿನ ಚಪ್ಪಡಿಕಲ್ಲಿನ ಮೇಲೆ ಬಿತ್ತು. ಆ ಕಲ್ಲಿನ ಕೆಳಗೆ, ಎರಡು ಬೀದಿ ಕೂಡುವಲ್ಲಿ, ಪೈಪು ಹಾಕಿದವರು ಕೂರಿಸಿಹೋದ ಒಂದು ವಾಲ್ವ್ ಇತ್ತು. ಇದುವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅವನ ತಲೆಯಲ್ಲಿ ದೀಪ ಹತ್ತಿತು.

"ಗಾದ್ರಪ್ಪಣ್ಣ, ಈ ವಾಲ್ವ್ ಮೊದ್ಲು ಹಾಕಿ, ಆಮೇಲೆ ಮೇಲೆ ಹೋಗಿ ಟ್ಯಾಂಕಿಂದು ಹಾಕಿದ್ರೆ? ಮೇಲ್ಬೀದಿ ನೀರು ಮೇಲ್ಬೀದಿ ಪೈಪ್ನಾಗೇ ನಿಲ್ತೈತೆ. ಕೆಳಗೆ ಒಂದು ಹನಿ ಹೋಗಲ್ಲ."

ಗಾದ್ರಪ್ಪ ಅವನ ಬೆನ್ನು ತಟ್ಟಿದ. "ಭಲೇ! ಚಾವಿ ನಿನ್ನ ಕೈಯಾಗೇ ಇರ್ಲಿ. ಕೆಳಬೀದಿಯವ್ರಿಗೂ ಮೋಸ ಬ್ಯಾಡ, ಎಲ್ಲಾರಿಗೂ ಐದು ನಿಮಿಷ ನೀರು ಜಾಸ್ತಿ ಬಿಡು. ಇವತ್ತು ಸಂಜೇನೇ ಒಂದು ಸಲ ಬಿಟ್ಟು ನೋಡಾಣ."

ಬೊಮ್ಮಕ್ಕ ಎದ್ದು ಸೀರೆ ಕೊಡವಿಕೊಂಡಳು. "ಆಗ್ಲಪ್ಪ. ನೀರಿಗೆ ದಾರಿ ಹೇಳಿಕೊಡಾಕೆ ನಾವ್ಯಾರು?" ಎಂದು ಹೊರಟುಹೋದಳು.

ಸಂಜೆ ನೀರು ಬಿಟ್ಟದ್ದಾಯಿತು. ನಿಲ್ಲಿಸುವಾಗ ಕಲ್ಲೇಶ ಮೊದಲು ಮನೆಮುಂದಿನ ಚಪ್ಪಡಿ ಸರಿಸಿ, ತುಕ್ಕು ಹಿಡಿದಿದ್ದ ವಾಲ್ವನ್ನು ಕಿರ್‍ರೆನ್ನಿಸಿ ತಿರುಗಿಸಿದ. ಸೈಕಲ್ಲೇರಿ ಗುಡ್ಡಕ್ಕೆ ಹೋಗಿ ಟ್ಯಾಂಕಿನದನ್ನೂ ಹಾಕಿದ. ಬರುವಾಗ ಬೀದಿಯ ಎರಡೂ ಕಡೆ ಜನ ಕಟ್ಟೆಯ ಮೇಲೆ ಕೂತು, ನೆಲವನ್ನು ಒಂಥರಾ ಪ್ರೀತಿಯಿಂದ ನೋಡುತ್ತಿದ್ದರು. "ಐತಾ ಒಳಗೆ?" ಎಂದು ಒಬ್ಬರು ಕೇಳಿದರು. "ಪೂರ್ತಿ ಐತೆ" ಎಂದ ಕಲ್ಲೇಶ. ಉಡಚಮ್ಮ ತಾನೇ ಕರೆದು ಚಾ ಕೊಟ್ಟಳು. ಇಷ್ಟು ಸಮಾಧಾನದ ಸಂಜೆಯನ್ನು ಅವನು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

ಮನೆಗೆ ಬಂದರೆ ಹಿತ್ತಲ ನಲ್ಲಿಯಲ್ಲಿ ನೀರು ಬರುತ್ತಿತ್ತು.

ಟ್ಯಾಂಕಿನ ವಾಲ್ವ್ ಸರಿಯಾಗಿ ಕೂತಿಲ್ಲವೆಂದು ಮತ್ತೆ ಸೈಕಲ್ ತುಳಿದು ಗುಡ್ಡ ಹತ್ತಿದ. ಅದು ಬಿಗಿಯಾಗೇ ಇತ್ತು. ಇನ್ನೂ ಅರ್ಧ ಸುತ್ತು ಬಿಗಿದು, ಏದುಸಿರು ಬಿಡುತ್ತಾ ವಾಪಸು ಬಂದ. ನೀರು ಇನ್ನೂ ಬರುತ್ತಲೇ ಇತ್ತು, ಮೊದಲಿಗಿಂತ ನೆಮ್ಮದಿಯಾಗಿ.

ನಿಲ್ಲಿಸೋಣವೆಂದರೆ ನಲ್ಲಿಗೆ ತಿರುಪು ಇರಲಿಲ್ಲ. ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವವನ ಮನೆಯ ನಲ್ಲಿ ಕೆಟ್ಟು ನಾಲ್ಕು ತಿಂಗಳಾಗಿತ್ತು. ನೀರು ಬಿಡುವುದೂ ನಿಲ್ಲಿಸುವುದೂ ತನ್ನ ಕೈಯಲ್ಲೇ ಇರುವಾಗ ತಿರುಪಿನ ಅವಸರವೇನು ಎಂದು ಬಿಟ್ಟಿದ್ದ. ಅಕ್ಷಿತಾ ಓಡಿಹೋಗಿ ಮೆಕ್ಕೆಜೋಳದ ಬೆಂಡೊಂದನ್ನು ತಂದಳು. ಅದನ್ನು ತುರುಕಿದ. ಬೆಂಡು ಒಂದು ಗಳಿಗೆ ಯೋಚಿಸಿ, ಟಪ್ಪೆಂದು ಹಾರಿ ಅವನ ಹಣೆಗೆ ಬಡಿಯಿತು. ಕೊನೆಗೆ ಅಂಗೈ ಒತ್ತಿ ನಿಂತ. ಬೆರಳ ಸಂದಿಯಿಂದ ನೀರು ಚಿಮ್ಮಿ ಅಂಗಿ ಒದ್ದೆಯಾಯಿತು.

ಅದೇ ಹೊತ್ತಿಗೆ ಅನ್ನಪೂರ್ಣ ಬಸ್ಸಿಳಿದು ಬಂದಳು. ಬ್ಯಾಗು ಇಡುವ ಮೊದಲೇ ನೀರು ಕಂಡಳು.

"ಅಯ್ಯೋ, ಬರೋ ನೀರನ್ನ ಯಾಕ್ ಹಿಡ್ಕಂಡು ನಿಂತೀರಿ? ಕೈ ತೆಗೀರಿ! ಅಕ್ಷೀ, ಡ್ರಮ್ಮು ಉಳ್ಳಿಸ್ಕಂಡು ಬಾ!"

ಡ್ರಮ್ಮು ತುಂಬಿತು. ಕಲ್ಲುಬಾನಿ ತುಂಬಿತು. ಹಂಡೆ, ಕೊಡ, ಪಾತ್ರೆ, ಅನ್ನಪೂರ್ಣಳ ಮದುವೆಯಲ್ಲಿ ಬಂದು ಅಟ್ಟದ ಮೇಲಿದ್ದ ದೊಡ್ಡ ಕೊಳದಪ್ಪಲೆ ಎಲ್ಲವೂ ತುಂಬಿದವು. ಎಷ್ಟೋ ತಿಂಗಳ ಮೇಲೆ ಮನೆಯ ಒಂದೊಂದು ಪಾತ್ರೆಯ ಕಂಠದವರೆಗೂ ನೀರು ಕಂಡು ಅವಳ ಮುಖ ಅರಳಿತು. ಕಲ್ಲೇಶನಿಗೂ ಒಂದು ನಿಮಿಷ ಹೆದರಿಕೆ ಮರೆತು ಸಂತೋಷವೇ ಆಯಿತು.

"ಕಲ್ಲೇಶಾ!"

ಉಡಚಮ್ಮ ಓಡಿ ಬಂದಿದ್ದಳು. "ನಮ್ಮ ನಲ್ಲಿ ಸುಸ್ ಅಂತ ಗಾಳಿ ಒಳಗೆ ಎಳಕಂತೈತೆ ಕಣೋ! ನಮ್ಮ ಎಪ್ಪತ್ತೆರಡು ಕೊಡ ಎಲ್ಲೋ ಹೋಗ್ತೈ..."

ಅವಳ ಕಣ್ಣು ಡ್ರಮ್ಮಿನ ಮೇಲೆ, ಬಾನಿಯ ಮೇಲೆ, ಕೊನೆಗೆ ತುಂಬಿ ತುಳುಕುತ್ತಿದ್ದ ಕೊಳದಪ್ಪಲೆಯ ಮೇಲೆ ನಿಂತಿತು. ಅವಳ ಹಿಂದೆ ಗಾದ್ರಪ್ಪ, ಅವನ ಹಿಂದೆ ಇಡೀ ಮೇಲ್ಬೀದಿ. ಕಾಂಪೌಂಡಿನಾಚೆ ಬೊಮ್ಮಕ್ಕನ ತಲೆಯೂ ಕಂಡಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನಲ್ಲಿಯನ್ನು ನೋಡಿದರು. "ಲೆಕ್ಕ ಸರಿಯಾಗೇ ಇತ್ತು" ಎಂದು ಮೊದಲು ತಮ್ಮ ಪಾಲಿನದನ್ನು ಹೇಳಿ ಮುಗಿಸಿದರು. "ಎಣ್ಣೆ ಡಬ್ಬಕ್ಕೆ ಎರಡು ತೂತು ಹಾಕ್ತೀವಲ್ಲ, ಹಾಗೆ ಇದು. ಮೇಲಿನ ನಲ್ಲಿಗಳು ತೆರೆದೇ ಇವೆ, ಅಲ್ಲಿಂದ ಗಾಳಿ ಒಳಗೆ ಹೋಗುತ್ತೆ. ಕೆಳಬೀದಿ ಕಡೆಯ ದಾರಿ ಮುಚ್ಚಿದೆ. ನೀರು ಎಲ್ಲಕ್ಕಿಂತ ಕೆಳಗಿನ ನಲ್ಲೀಲಿ ಬರುತ್ತೆ."

ಎಲ್ಲಕ್ಕಿಂತ ಕೆಳಗಿನ ನಲ್ಲಿ ಯಾರದೆಂದು ಯಾರೂ ಕೇಳಲಿಲ್ಲ. ಗಾದ್ರಪ್ಪ ಟವೆಲ್ಲಿನಿಂದ ನಿಧಾನವಾಗಿ ಕೈ ಒರೆಸಿಕೊಂಡು, ಆ ಕೈಯನ್ನು ಕಲ್ಲೇಶನ ಸೊಂಟದಲ್ಲಿದ್ದ ಚಾವಿಯ ಕಡೆ ಚಾಚಿದ.

"ಅಣ್ಣಾ, ನಮ್ಮ ತಾಯಾಣೆ, ನನಗೆ ಗೊತ್ತೇ ಇರ್ಲಿಲ್ಲ" ಎಂದ ಕಲ್ಲೇಶ. "ಹನ್ನೊಂದು ವರ್ಷದಾಗೆ ಇದು ಹೊಳೆದೇ ಇರ್ಲಿಲ್ಲ. ಹೊಳೆದಿದ್ರೆ ಇವತ್ತಿನ ತನಕ ಸುಮ್ನಿರ್ತಿದ್ನಾ?"

ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಆಡಬಾರದ ಮಾತೆಂದು ಅವನಿಗೇ ತಿಳಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ನಾಲಿಗೆಯ ತುದಿಯಲ್ಲೂ ಒಂದೇ ಪ್ರಶ್ನೆ. ಆದರೆ ಬೆಳಿಗ್ಗೆ ಬೆನ್ನು ತಟ್ಟಿದವರಿಗೆ, ಚಾ ಕೊಟ್ಟವರಿಗೆ ಅದನ್ನು ಕೇಳಲು ಬಾಯಿ ಬರಲಿಲ್ಲ.

ಆಗ ಅಕ್ಷಿತಾ ಕೊಳದಪ್ಪಲೆಯ ಮರೆಯಿಂದ ಎದ್ದು ನಿಂತಳು. ಅಪ್ಪನ ಮುಖವನ್ನೇ ನೋಡುತ್ತಿದ್ದ ಅವಳ ಕಣ್ಣಲ್ಲಿ ಅನುಮಾನವಿರಲಿಲ್ಲ. ಇಷ್ಟು ದೊಡ್ಡ ಮೇಷ್ಟ್ರಿಗೂ ಹೊಳೆಯದ್ದು ತನ್ನಪ್ಪನಿಗೆ ಹೊಳೆಯಿತಲ್ಲ ಎಂಬ ಹೆಮ್ಮೆ ತುಂಬಿತ್ತು. ಇಡೀ ಬೀದಿಗೆ ಕೇಳುವಂತೆ, ಆ ಮಾತು ಕಡಿಮೆಯ ಹುಡುಗಿ ಕೇಳಿಯೇ ಬಿಟ್ಟಳು:

"ಅಪ್ಪಾ, ಎಲ್ಲಾರ್ ನೀರೂ ನಮ್ಮನೆಗೇ ಬರ್ಲಿ ಅಂತಾನೇ ಆ ವಾಲ್ವ್ ತಿರುಗಿಸಿದ್ಯಾ?"