ಗಿದ್ಯೋನನ ಬೈರಾಸು

ಕುಂದಾಪುರದ ಗೇರುಬೀಜ ಫ್ಯಾಕ್ಟರಿಯ ಸೂಪರ್‌ವೈಸರ್ ಸತ್ಯಮಿತ್ರ ಮೂವತ್ತೇಳು ವರ್ಷಗಳಲ್ಲಿ ಸ್ವಂತವಾಗಿ ಮಾಡಿದ ತೀರ್ಮಾನ ಒಂದೇ: ಯಾವುದನ್ನೂ ಸ್ವಂತವಾಗಿ ತೀರ್ಮಾನಿಸಬಾರದು. ಮೀನು ಸಾರಿಗೆ ಬಂಗುಡೆಯೋ ಬೂತಾಯಿಯೋ ಎಂದರೂ "ದೇವರ ಚಿತ್ತ" ಎನ್ನುವ ಪುಣ್ಯಾತ್ಮ.

ಹಾಗಾಗಿಯೇ ಚರ್ಚಿನ ಗಾಯನ ತಂಡದಲ್ಲಿ ಆರು ವರ್ಷ ವಿನಯಾಳ ಹಿಂದೆಯೇ ನಿಂತು ಹಾಡಿದರೂ ಅವನ ಮನಸ್ಸು ಅವಳ ಜಡೆಗಷ್ಟೇ ಗೊತ್ತಿತ್ತು. ಅವಳು ಕೆಮ್ಮಿದರೆ ಇವನಿಗೆ ಎದೆನೋವು. ಒಂದು ಭಾನುವಾರ ಅವಳು ಬರದಿದ್ದರೆ ವಾರವಿಡೀ ಊಟ ಸಪ್ಪೆ. ಎರಡು ಸಾವಿರದ ಒಂದರ ಜನವರಿಯಲ್ಲಿ ಅವಳಿಗೆ ಮುಂಬೈಯ ಸಂಬಂಧ ಬಂತು. ಭಾನುವಾರ ಮಧ್ಯಾಹ್ನದೊಳಗೆ ಫೋನ್ ಮಾಡಿ ಒಪ್ಪಿಗೆಯೋ ಇಲ್ಲವೋ ಹೇಳಬೇಕಂತೆ.

ಶನಿವಾರ ಸಂಜೆ ಸತ್ಯಮಿತ್ರ ಪಾದ್ರಿಗಳ ಜಗಲಿಗೆ ಓಡಿದ.

"ಅಯ್ಯನೋರೆ, ವಿನಯಾ ನಂಗೇ ಅಂದೇಳಿ ದೇವ್ರ್ ಬರ್ದಿರೆ ನಾನ್ ಕೇಂಬುದ್ ಎಂತಕೆ? ಬರೀದೆ ಇದ್ರೆ ಕೇಂಡ್ ಎಂತ ಪ್ರಯೋಜನ?"

"ಎಲ್ಲ ಅವ್ನ ಕೈಯಂಗೇ ಇತ್ತ್ ಮಾರಾಯಾ. ಆದ್ರೆ ನಿಂಗೊಂದ್ ಮನಸ್ಸ್, ಒಂದ್ ಬಾಯಿ ಕೊಟ್ಟದ್ದೂ ಅವ್ನೇ ಅಲ್ದಾ? ಹೋಯಿ ಕೇಣ್!"

ಬಾಯಿಯ ಮಾತು ಇವನಿಗೆ ರುಚಿಸಲಿಲ್ಲ. ಬೈಬಲ್ಲಿನ ಗಿದ್ಯೋನ ಅಂಗಳದಲ್ಲಿ ಕುರಿಯ ಉಣ್ಣೆ ಹಾಸಿ, ನೆಲ ಒಣಗಿದ್ದು ಉಣ್ಣೆ ಮಾತ್ರ ಇಬ್ಬನಿಗೆ ನೆನೆದರೆ ದೇವರು ಒಪ್ಪಿದ ಹಾಗೆ ಎಂದಿದ್ದನಲ್ಲ, ತಾನೂ ಹಾಗೇ ಗುರುತು ಕೇಳುವೆನೆಂದ. ಕುಂದಾಪುರದಲ್ಲಿ ಕುರಿ ಎಲ್ಲಿಂದ ತರುವುದು? ಮೈ ಒರೆಸುವ ಬೈರಾಸನ್ನೇ ಹಾಸುವುದೆಂದಾಯಿತು. ಪಾದ್ರಿಗಳು ತಲೆ ಚಚ್ಚಿಕೊಂಡರು. ಚಾ ತಂದ ಅವರ ಹೆಂಡತಿ ಕುಸುಮಮ್ಮ ಮಾತ್ರ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

ಬೆಳಿಗ್ಗೆ ಸತ್ಯಮಿತ್ರ ಕಣ್ಣುಜ್ಜುತ್ತ ಅಂಗಳಕ್ಕೆ ಬಂದರೆ ರಾತ್ರಿ ಹಾಸಿದ್ದ ಬೈರಾಸೇ ಇಲ್ಲ!

"ಹ್ವಾಯ್ ಮಿತ್ರಣ್ಣ," ಬೇಲಿಯಾಚೆಯಿಂದ ಮೀನು ಮಾರುವ ಜಲಜಕ್ಕ ಕೂಗಿದಳು, "ನಿಮ್ ಬೈರಾಸ್ ನೆಲಕ್ಕೆ ಬಿದ್ದ್ ಚಂಡಿ ಆಯಿತ್ತ್. ಹಿಂಡಿ ಒಣ್ಗುಕೆ ಹಾಕಿದೆ."

"ಚಂಡಿ ಆಯಿತ್ತಾ!" ಒದ್ದೆಯಾಗಿದೆ ಎಂದದ್ದೇ ತಡ, ಸತ್ಯಮಿತ್ರ ಕುಣಿದೇಬಿಟ್ಟ. "ನೆಲ? ನೆಲ ಒಣ್ಗಿತ್ತಾ ಜಲಜಕ್ಕಾ?"

"ನೆಲ ಯಾರ್ ಕಂಡದ್ದ್? ಧೂಳ್ ಏಳತ್ತ್ ಅಂದೇಳಿ ನಿಮ್ ಅಂಗಳಕ್ಕೂ ನೀರ್ ಹೊಯ್ದೆ. ಪಾಪ, ಒಬ್ರೇ ಗಂಡ್ಸ್ ಅಲ್ದಾ!"

ಬೈರಾಸಿಗೆ ಬಿದ್ದದ್ದು ದೇವರ ಇಬ್ಬನಿಯೋ ಜಲಜಕ್ಕನ ಕೊಡಪಾನದ ನೀರೋ? ಈ ಚಿಂತೆಯಲ್ಲಿ ಅವನು ಚರ್ಚಿನಲ್ಲಿ ಎಲ್ಲರೂ ಎರಡನೇ ಚರಣ ಹಾಡುವಾಗ ನಾಲ್ಕನೆಯದನ್ನು ಹಾಡಿ, ಎಲ್ಲರಿಗಿಂತ ಮೊದಲು ಆಮೆನ್ ಅಂದು ಕೂತುಬಿಟ್ಟ. ಮುಂದಿನ ಸಾಲಿನ ಜಡೆ ನಕ್ಕಂತೆ ಅಲುಗಿತು.

ಆರಾಧನೆ ಮುಗಿದ ಮೇಲೆ ಎಸ್‌ಟಿಡಿ ಬೂತಿನ ಎದುರು ವಿನಯಾಳೇ ಅವನನ್ನು ತಡೆದಳು.

"ಹ್ವಾಯ್, ಬೈರಾಸ್ ಚಂಡಿ ಆಯಿತ್ತಾ?"

"ನಿ... ನಿಮ್ಗೆ ಹೇಂಗ್ ಗೊತ್ತ್?"

"ಕುಸುಮಮ್ಮ ಹೇಳ್ರ್. ಬೆಳಿಗ್ಗೆ ಹಾಲಿಗೆ ಹೋಪತಿಗೆ ಅದ್ರ ಮೇಲೆ ಒಂದ್ ಚೆಂಬ್ ನೀರ್ ಹೊಯ್ದದ್ದ್ ನಾನೇ."

ಸತ್ಯಮಿತ್ರನ ಎದೆ ಅರಳಿತು. ಮರುಕ್ಷಣವೇ ಮುಖ ಬಾಡಿತು.

"ಹಂಗಾರೆ ಅದ್ ದೇವ್ರ ಗುರ್ತ್ ಅಲ್ಲ!"

"ದೇವ್ರ್ ಇಬ್ಬನಿ ಬದ್ಲ್ ನನ್ನನ್ನೇ ಕಳ್ಸಿರ್ ಅಂದೇಳಿ ಎಂತಕೆ ತಿಳ್ಕಂಬುಕಾಗ?" ಅವಳ ಕಣ್ಣು ತುಂಬಿತ್ತು. "ಈಗ ಫೋನ್ ಮಾಡುಕೆ ಹೋತೆ. ನಿಮ್ ಮನಸ್ಸಂಗೆ ಎಂತ ಇತ್ತ್, ಅದನ್ನ್ ಹೇಳಿ ಸಾಕ್."

ಆರು ವರ್ಷ ಕನ್ನಡಿಯೆದುರು ಹೇಳಿ ಹೇಳಿ ಪಾಠವಾಗಿದ್ದ ಮಾತು. ಗಂಟಲವರೆಗೂ ಬಂತು. ಅಷ್ಟರಲ್ಲಿ ಈ ಮಹಾರಾಯನಿಗೆ ಬೈಬಲ್ಲಿನ ಉಳಿದ ಭಾಗ ನೆನಪಾಗಬೇಕೇ!

"ವಿನಯಾ... ಗಿದ್ಯೋನ ಎರಡ್ ಸಲ ಪರೀಕ್ಷೆ ಮಾಡಿದ್ದ ಅಲ್ದಾ? ಇನ್ನ್ ಒಂದೇ ಒಂದ್ ದಿನ ಕೊಟ್ರೆ..."

ಅವಳು ಕಣ್ಣೊರೆಸಿಕೊಂಡು ಬೂತಿನೊಳಗೆ ಹೋದಳು. ಲೈನ್ ಸಿಗದಿರಲಿ ದೇವರೇ ಎಂದು ಇವನು ಹೊರಗೆ ನಿಂತು ಬೇಡಿಕೊಂಡ. ಸದಾ ಬ್ಯುಸಿ ಇರುವ ಮುಂಬೈ ಲೈನು ಅಂದು ಒಂದೇ ಸಲಕ್ಕೆ ಸಿಕ್ಕಿತು. ಗಾಜಿನಾಚೆ ಅವಳು ಹೂಂ, ಹೂಂ ಎಂದು ತಲೆಯಾಡಿಸಿದಳು.

ಮನೆಗೆ ಬಂದಾಗ ಬೈರಾಸು ಗರಿಗರಿಯಾಗಿ ಒಣಗಿತ್ತು. ಸತ್ಯಮಿತ್ರ ಅದನ್ನೆಳೆದುಕೊಂಡು ಮೆಟ್ಟಿಲ ಮೇಲೆ ಕೂತು, ಮುಖ ಹುದುಗಿಸಿ ಮಗುವಿನಂತೆ ಅತ್ತ.

ಬಹಳ ಹೊತ್ತಿನ ಮೇಲೆ ತಲೆಯೆತ್ತಿ ನೋಡಿದ. ಬಿಸಿಲಿಗೆ ಅಂಗಳ ಪೂರ್ತಿ ಒಣಗಿತ್ತು. ಬೈರಾಸು ಮಾತ್ರ ಒದ್ದೆಯಾಗಿತ್ತು.