ದಬ್ಬಣದಲ್ಲಿ ಹೊಲಿದ ದೆವ್ವಗಳು

ನಮ್ಮತ್ತೆಗೆ ಪರಿಚಯವಿಲ್ಲದ ದೆವ್ವ ಇಡೀ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೋ ಸಂಕೋಚದಿಂದಲೋ ಎಂದು ಮಾತ್ರ ಕೇಳಬೇಡಿ, ನನಗೇ ತಿಳಿಯದು. ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿ, ಇತ್ತೀಚೆಗೆ ಓದಿ ಖುಷಿಪಟ್ಟ ದೆವ್ವದ ಕತೆ, ಮಾಯಾಲೋಕದ ಕತೆ ಇದ್ದರೆ ಹೇಳು, ದೊಡ್ಡ ಪ್ರಕಾಶಕರದ್ದು ಬೇಡ, ಬರೆದವರೇ ಅಚ್ಚು ಹಾಕಿಸಿದ್ದು ಬೇಕು ಎಂದಳು. ಮೂರು ಹೆಸರು ನಾಲಗೆಯ ತುದಿಯಲ್ಲೇ ಇದ್ದವು. ರಜೆಗೆ ಆಲ್ದೂರಿಗೆ ಹೋಗಿದ್ದಾಗ ಅತ್ತೆಯ ಕಪಾಟಿನಿಂದ ತಂದು ಓದಿದವು. ಆದರೆ ಅತ್ತೆಯ ವಿಷಯ ಹೇಳದೆ ಆ ಪುಸ್ತಕಗಳ ಹೆಸರು ಹೇಳುವುದೆಂದರೆ ಗಣಪತಿಯನ್ನು ಬಿಟ್ಟು ಪೂಜೆ ಶುರು ಮಾಡಿದ ಹಾಗೆ. ಆದ್ದರಿಂದ ಮೊದಲು ಅತ್ತೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಆಲ್ದೂರಿನ ಪೇಟೆಯಲ್ಲಿ ಮಾವನದು ಕಾಫಿ, ಕಾಳುಮೆಣಸು ಕೊಳ್ಳುವ ಮಂಡಿ. ಮುಂದೆ ಮಂಡಿ, ಹಿಂದೆ ಮನೆ. ತಕ್ಕಡಿಯ ಪಕ್ಕದಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಹುರಿಯಲ್ಲಿ ಕಟ್ಟಿದ ಪುಸ್ತಕಗಳ ಕಟ್ಟು. ಮೆಣಸಿನ ಮಂಡಿಗೂ ಪುಸ್ತಕಕ್ಕೂ ಏನು ಸಂಬಂಧ ಎನ್ನುತ್ತೀರಾ? ಮೆಣಸು ತೂಗಿಸಲು ಬಂದವರೇ ಲೇಖಕರು! ತೊಂಬತ್ತರ ದಶಕದಲ್ಲಿ ನಮ್ಮ ಗುಡ್ಡಗಳಲ್ಲಿ ಮೆಣಸಿಗೂ ದೆವ್ವಕ್ಕೂ ಒಟ್ಟಿಗೇ ಒಳ್ಳೆಯ ಫಸಲು ಬಂದಿತ್ತೆಂದು ಕಾಣುತ್ತದೆ. ಕಳಸದ ನಿವೃತ್ತ ಬಸ್ ಡ್ರೈವರ್ ಒಬ್ಬರು, ಮೂಡಿಗೆರೆಯ ಡ್ರಾಯಿಂಗ್ ಮೇಷ್ಟ್ರು, ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರೊಬ್ಬರು, ಇವರೆಲ್ಲ ಕಾದಂಬರಿ ಬರೆದು, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸಿ, ನಿಮ್ಮಲ್ಲಿಗೆ ಬರುವವರಿಗೆ ಒಂದೊಂದು ಕೊಡಿ ಎಂದು ಮಾವನ ಬೆಂಚಿನ ಮೇಲೆ ಇಟ್ಟುಹೋಗುತ್ತಿದ್ದರು. ಪ್ರೆಸ್ಸಿನವರ ಅಭ್ಯಾಸಬಲದಿಂದ ಒಂದು ಕಾದಂಬರಿಯಲ್ಲಿ, ರಕ್ತ ಸೋರುವ ಕೈಯೊಂದು ಕಿಟಕಿಯಿಂದ ಒಳಗೆ ಬರುವ ಪುಟದ ಅಡಿಯಲ್ಲಿ, 'ತಮ್ಮ ಸುಖಾಗಮನವನ್ನು ಬಯಸುವ' ಎಂಬ ಸಾಲು ಉಳಿದುಕೊಂಡಿತ್ತು.

ಅತ್ತೆ ಓದುತ್ತಿದ್ದುದು ಇವರನ್ನು ಮಾತ್ರ. ಹೆಸರಾಂತ ಲೇಖಕರ ಪುಸ್ತಕವನ್ನು ಯಾರಾದರೂ ಕೊಟ್ಟರೆ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಕಪಾಟಿನ ಮೇಲಿಡುತ್ತಿದ್ದರು, ಅಷ್ಟೇ. ಯಾಕತ್ತೆ ಎಂದು ಒಮ್ಮೆ ಕೇಳಿದ್ದೆ.

"ದೊಡ್ಡೋರನ್ನ ಓದೋಕೆ ಊರೆಲ್ಲ ಇದೆ ಮಗಾ. ಇವರನ್ನ ಯಾರು ಓದ್ತಾರೆ? ಇವರ ಹೆಂಡ್ತೀರೂ ಓದಲ್ಲ" ಎಂದರು.

ಓದಿದರೆ ಸಾಕೇ? ಓದಿಸಬೇಡವೇ? ಅಲ್ಲಿಂದ ಶುರುವಾಗುತ್ತಿತ್ತು ಊರಿನವರ ಗ್ರಹಚಾರ. ಒಮ್ಮೆ ಚಿಕ್ಕಮಗಳೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ 'ಗೋದಾಮಿನ ಗುಮ್ಮ'ನ ಕತೆ ಹೇಳತೊಡಗಿದರು. ಸೂಪರ್‌ವೈಸರ್ ಬರೆದದ್ದು. ಕ್ಯೂರಿಂಗ್ ಗೋದಾಮಿನಲ್ಲಿ ಒಂದು ದೆವ್ವ, ಹೆಂಗಸರು ಹೆಕ್ಕದೆ ಬಿಟ್ಟುಹೋದ ಕಾಫಿ ಬೀಜವನ್ನೆಲ್ಲ ಬೆಳಗಾಗುವುದರೊಳಗೆ ಹೆಕ್ಕಿ, ಒಡಕು ಬೇರೆ, ಇಡಿ ಬೇರೆ ಮಾಡಿ ಇಟ್ಟಿರುತ್ತದೆ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ಕಂಬಿಗೆ ಒರಗಿದ. ಇಳಿಯಬೇಕಾದವರು ಇಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಎಲ್ಲರೂ ಒಟ್ಟಿಗೇ ಇಳಿದು, ಹಾಗಾದರೆ ಆ ದೆವ್ವಕ್ಕೆ ಸಂಬಳ ಕೊಡಬೇಕೋ ಬೇಡವೋ ಎಂದು ರಸ್ತೆಯಲ್ಲಿ ನಿಂತು ವಾದ ಮಾಡಿದರು. ಅತ್ತೆಗೆ ಪರಮ ಸಂತೋಷ. ಏಕೆಂದರೆ ಪುಸ್ತಕ ಅಳೆಯಲು ಅವರ ಬಳಿ ಇದ್ದದ್ದು ಒಂದೇ ಮಾನದಂಡ: ದೆವ್ವಕ್ಕೆ ಕೈತುಂಬ ಕೆಲಸವಿರಬೇಕು. ಸುಮ್ಮನೆ ಮರದಲ್ಲಿ ಜೋತುಬಿದ್ದು ಕೂಗುವ ಸೋಮಾರಿ ದೆವ್ವಗಳನ್ನು ಅವರು ಯಾರಿಗೂ ಶಿಫಾರಸು ಮಾಡುತ್ತಿರಲಿಲ್ಲ.

ಇನ್ನೊಮ್ಮೆ ಮೂಡಿಗೆರೆಯಲ್ಲಿ ಒಂದು ಮದುವೆ. ಅಕ್ಷತೆ ಹಾಕಲು ಹೋದ ಅತ್ತೆ ಮದುಮಗಳ ಕಿವಿಯಲ್ಲಿ ಏನೋ ಹೇಳಿದರು. ಎಲ್ಲರೂ ಆಶೀರ್ವಾದವೆಂದುಕೊಂಡೆವು. ಹೇಳಿದ್ದು, ಓದಲೇಬೇಕಾದ ಒಂದು ಪುಸ್ತಕದ ಮೊದಲ ಅಧ್ಯಾಯ! ಆಲ್ಬಮ್ಮಿನ ತುಂಬ ಆ ಹುಡುಗಿ ಕಣ್ಣು ಅರಳಿಸಿ ನಡುಗುತ್ತಾ ನಿಂತಿದ್ದಾಳೆ. ಗಂಡನನ್ನು ನೋಡಿಯೇ ಹೆದರಿದಳೆಂದು ಬೀಗರು ಇವತ್ತಿಗೂ ಆಡಿಕೊಳ್ಳುತ್ತಾರೆ. ಆ ಹುಡುಗನಾದರೋ ಪಾಪ, ಹಸುವಿನಂಥವನು.

ಇಷ್ಟೆಲ್ಲ ಓದಿಯೂ ಅತ್ತೆಗೆ ದೆವ್ವದ ಭಯವಿರಲಿಲ್ಲ. ಹಿತ್ತಲಿಗೆ ಒಬ್ಬರೇ ಹೋಗುತ್ತಿದ್ದರು, ಗೋದಾಮಿನ ಕತ್ತಲಲ್ಲಿ ಕೈಯಾಡಿಸಿ ಚೀಲ ಎಣಿಸುತ್ತಿದ್ದರು. ಹೆದರಿಕೆ ಆಗುವುದಿಲ್ಲವೇ ಎಂದರೆ ನಗುತ್ತಿದ್ದರು.

"ದೆವ್ವ ಅಂದ್ರೆ ಯಾರು ಮಾರಾಯ್ತಿ? ಸತ್ತ ಮೇಲೂ ಮನೆಗೆ ಬರೋರು ತಾನೇ? ಬರ್ಲಿ ಬಿಡು. ಒಂದು ಲೋಟ ಕಾಫಿ ಜಾಸ್ತಿ ಇಟ್ರೆ ಆಯ್ತು. ಹೋದೋರು ಬರದೇ ಇದ್ರೆ ಅದಕ್ಕೆ ಹೆದರ್ಬೇಕು."

ಹಾಗೆ ನೋಡಿದರೆ ಅವರಿಗಿದ್ದದ್ದು ಒಂದೇ ಭಯ. ಕೊನೆಯ ಅಧ್ಯಾಯದ್ದು.

ಹೊಸ ಪುಸ್ತಕ ಕೈಗೆ ಬಂದೊಡನೆ ಅತ್ತೆ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಬ್ಲೇಡು ತೆಗೆದುಕೊಂಡು, ಕಣ್ಣನ್ನು ಆಚೆ ತಿರುಗಿಸಿ, ಕೊನೆಯ ಅಧ್ಯಾಯವನ್ನು ಕತ್ತರಿಸಿ ಮಾವನ ಕೈಗೆ ಕೊಡುವುದು. ಮಾವ ಪೇಪರಿನಲ್ಲಿ ಕಾಫಿ ರೇಟು ಬಿಟ್ಟು ಬೇರೇನೂ ಓದದ ಮನುಷ್ಯ. ಆದರೂ ಅದನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟುಕೊಂಡು, ಗಿರಾಕಿಗಳ ಮಧ್ಯೆ ಬಿಡುವಾದಾಗ ಶ್ರದ್ಧೆಯಿಂದ ಓದಿ ತೀರ್ಪು ಕೊಡುತ್ತಿದ್ದರು. ಚೆನ್ನಾಗಿ ಮುಗಿದಿದ್ದರೆ "ಓದ್ಬಹುದು". ಯಾರಾದರೂ ಸತ್ತಿದ್ದರೆ, ಅಗಲಿದ್ದರೆ "ಬೇಡ". ಓದಬಹುದೆಂದರೆ ಅತ್ತೆ ಆ ಹಾಳೆಗಳನ್ನು ಕಾಫಿ ಚೀಲ ಹೊಲಿಯುವ ದಬ್ಬಣ ಮತ್ತು ಹುರಿಯಿಂದ ಪುಸ್ತಕಕ್ಕೆ ಮತ್ತೆ ಹೊಲಿದು, ನಿಶ್ಚಿಂತೆಯಿಂದ ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಬೇಡವೆಂದರೆ ಉಳಿದದ್ದನ್ನು ಓದಿ, ಅಲ್ಲಿಗೇ ಕೈಮುಗಿದು ನಿಲ್ಲಿಸುತ್ತಿದ್ದರು. ಆ ಪುಸ್ತಕದವರೆಲ್ಲ ಅತ್ತೆಯ ಮಟ್ಟಿಗೆ ಇನ್ನೂ ಬದುಕಿದ್ದಾರೆ. ಹೀಗೆ ಮೂವತ್ತು ವರ್ಷದ ಸಂಸಾರದಲ್ಲಿ ಮಾವನಿಗೆ ನೂರಾರು ಕಾದಂಬರಿಗಳ ಕೊನೆ ಗೊತ್ತಿತ್ತು, ಒಂದರ ಆರಂಭವೂ ಗೊತ್ತಿರಲಿಲ್ಲ. ನನಗೆ ತಿಳಿದಂತೆ ಗಂಡ ಹೆಂಡಿರಿಬ್ಬರೂ ಸೇರಿ ಒಂದು ಪುಸ್ತಕವನ್ನು ಪೂರ್ತಿ ಮಾಡುತ್ತಿದ್ದ ಮನೆ ಅದೊಂದೇ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಮಾವ "ಬೇಡ" ಎನ್ನುವುದೇ ಕಡಿಮೆಯಾಯಿತು. ಕಪಾಟಿನ ಪುಸ್ತಕಗಳನ್ನು ತೆಗೆದು ನೋಡಿದರೆ ನನಗೆ ಆಶ್ಚರ್ಯ. ಡ್ರೈವರ್ ಬರೆದ 'ಏಳನೇ ತಿರುವಿನ ಹೆಂಗಸು' ಎಂಬ ಕಾದಂಬರಿಯಲ್ಲಿ, ಘಾಟಿಯ ತಿರುವಿನಲ್ಲಿ ಒಬ್ಬ ಹೆಂಗಸು ಗಂಟು ಹಿಡಿದು ತವರಿಗೆ ಹೋಗುವ ಬಸ್ಸಿಗಾಗಿ ಕಾಯುತ್ತಾಳೆ. ಬಸ್ಸು ಹತ್ತುತ್ತಾಳೆ, ಊರು ಬಂದಾಗ ಸೀಟು ಖಾಲಿ. ಓದುತ್ತಾ ಬೆನ್ನಹುರಿ ತಣ್ಣಗಾಗುತ್ತದೆ. ಆದರೆ ಹುರಿಯ ಹೊಲಿಗೆ ದಾಟಿದೊಡನೆ ಆಕೆಗೆ ಜೇನುಗೂಡಿನೊಳಗಿನ ಅರಮನೆಯಲ್ಲಿ ಪಟ್ಟಾಭಿಷೇಕ! 'ಗೋದಾಮಿನ ಗುಮ್ಮ'ನಿಗೂ ಕೊನೆಗೆ ಜೇನುಗೂಡಿನಲ್ಲೇ ಪಟ್ಟ. ಇನ್ನೊಂದರಲ್ಲಿ ರಕ್ತ ಸೋರುವ ಕೈಗೂ ಸಿಂಹಾಸನ. ಆ ಪಟ್ಟಾಭಿಷೇಕ ಡ್ರಾಯಿಂಗ್ ಮೇಷ್ಟ್ರ 'ಜೇನುರಾಣಿ' ಎಂಬ ಮಾಯಾಲೋಕದ ಕಾದಂಬರಿಯ ಕೊನೆಯ ಅಧ್ಯಾಯದ್ದು.

"ಅತ್ತೆ, ನೂರಾ ಹನ್ನೆರಡನೇ ಪುಟ ಆದ್ಮೇಲೆ ತೊಂಬತ್ತೇಳು ಬಂದಿದೆಯಲ್ಲ" ಎಂದೆ.

"ದೆವ್ವದ ಪಾದ ಹಿಂದುಮುಂದಾಗಿ ಇರ್ತದಲ್ಲ, ಪುಟಾನೂ ಹಾಗೇ" ಎಂದರು ಅತ್ತೆ, ಮೆಣಸು ಕೇರುತ್ತಾ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವವರಿಗೆ ಮಾತ್ರ ಇಂಥ ಧೈರ್ಯ ಬರುವುದೆಂದೂ, ಈಗಿನ ಬರಹಗಾರರಿಗೆಲ್ಲ ಯಾಕೋ ಜೇನಿನ ಮೇಲೆ ಒಲವೆಂದೂ ವಿಮರ್ಶೆ ಮಾಡಿದರು. ಅತ್ತ ಡ್ರಾಯಿಂಗ್ ಮೇಷ್ಟ್ರು ಬೆಂಚಿನ ಮೇಲಿದ್ದ ತಮ್ಮ ಕಟ್ಟು ಕರಗುತ್ತಿರುವುದನ್ನು ಕಂಡು ಹಿಗ್ಗಿ ಎರಡನೇ ಮುದ್ರಣ ತಂದರು.

ಗುಟ್ಟು ಹೊರಗೆ ಬಿದ್ದದ್ದು ಡ್ರೈವರ್ ಸ್ವತಃ ಬಂದಾಗ. ಅತ್ತೆ ಜಾವಳಿಯ ನೆಂಟರೊಬ್ಬರಿಗೆ ಅವರ ಪುಸ್ತಕ ಓದಲು ಕೊಟ್ಟಿದ್ದರು. ಆ ನೆಂಟರು ಸಂತೆಯಲ್ಲಿ ಡ್ರೈವರ್ ಸಿಕ್ಕಾಗ ಕೈಹಿಡಿದು, ಪಾಪದ ಹೆಂಗಸನ್ನು ರಾಣಿ ಮಾಡಿದಿರಲ್ಲ, ಪುಣ್ಯ ಕಟ್ಟಿಕೊಂಡಿರಿ ಎಂದರಂತೆ. ಡ್ರೈವರ್ ತಲೆಬುಡ ತಿಳಿಯದೆ ನೇರ ಆಲ್ದೂರಿಗೆ ಬಸ್ ಹತ್ತಿದರು. ಮಂಡಿಯ ಬೆಂಚಿನ ಮೇಲೆ ಕೂತು, ಹುರಿಯಲ್ಲಿ ಹೊಲಿದ ತಮ್ಮದೇ ಪುಸ್ತಕದ ಕೊನೆಯನ್ನು ಓದಿದರು. ಅತ್ತೆ, ನಾನು, ಮಾವ ಮೂವರೂ ಅಲ್ಲೇ ಇದ್ದೆವು. ಜಗಳವೇ ಆಗುತ್ತದೆಂದು ನಾನು ಕಾಯುತ್ತಿದ್ದೆ.

"ನಾನು ಬರ್ದದ್ದು ಹಿಂಗಲ್ಲಮ್ಮ" ಎಂದರು ಡ್ರೈವರ್ ಮೆಲ್ಲಗೆ. "ಕೊನೇಲಿ ಒಂದಿನ ಬಸ್ಸು ನಿಲ್ಲಿಸಲ್ಲ. ಅವಳು ಆಮೇಲೆ ಯಾವತ್ತೂ ಬರಲ್ಲ." ಸ್ವಲ್ಪ ಹೊತ್ತು ಪುಸ್ತಕದ ಮೇಲೆ ಕೈಯಾಡಿಸಿದರು. "ಇದನ್ನ ಹಿಂಗೇ ಬಿಡಿ. ಅವಳ್ನ ಬಿಟ್ಟು ಬಂದಾಗಿಂದ ನಂಗೂ ಸಮಾಧಾನ ಇರ್ಲಿಲ್ಲ."

ಅತ್ತೆ ಮಾವನ ಕಡೆ ತಿರುಗಿದರು. ಸೀಸನ್ನಿನ ಗಡಿಬಿಡಿಯಲ್ಲಿ ಹಾಳೆ ಅದಲುಬದಲಾಯಿತು ಎಂದು ಮಾವ ತಕ್ಕಡಿಯ ಬಟ್ಟು ಒರೆಸುತ್ತಾ ಗೊಣಗಿದರು. ಅತ್ತೆ ಹೌದಾ ಎಂದಷ್ಟೇ ಹೇಳಿ ಕಾಫಿ ಮಾಡಲು ಒಳಗೆ ಹೋದರು. ನಾನು ಮಾತ್ರ ನಂಬಲಿಲ್ಲ. ಒಬ್ಬರ ಪಾರ್ಚ್‌ಮೆಂಟ್ ಕಾಫಿಯ ಚೀಲವನ್ನು ಇನ್ನೊಬ್ಬರ ಚೀಲದೊಂದಿಗೆ ಒಂದು ದಿನವೂ ಅದಲುಬದಲು ಮಾಡದ ಮನುಷ್ಯ, ದೆವ್ವಗಳನ್ನು ಮಾತ್ರ ಪ್ರತಿ ಸಲ ಹೇಗೆ ಅದಲುಬದಲು ಮಾಡಿಯಾರು? ಹೆಂಡತಿಗೆ "ಬೇಡ" ಎನ್ನಲು ಮನಸ್ಸು ಬಾರದೆ ಮೇಷ್ಟ್ರ ಕಟ್ಟಿನಿಂದ ಪಟ್ಟಾಭಿಷೇಕ ಹರಿದು ಹರಿದು ಕೊಡುತ್ತಿದ್ದರು. ಅತ್ತೆ ಪಾಪ, ಎಲ್ಲವನ್ನೂ ನಂಬುತ್ತಾರೆ ಎಂದುಕೊಂಡೆ. ಆಮೇಲೂ ಅವರು ಮೊದಲಿನಂತೆಯೇ ಕತ್ತರಿಸಿ ಕೊಡುತ್ತಿದ್ದರು, ಮಾವ ಓದಬಹುದೆನ್ನುತ್ತಿದ್ದರು, ಜೇನುಗೂಡಿನ ಜನಸಂಖ್ಯೆ ಏರುತ್ತಲೇ ಇತ್ತು.

ಒಂದು ಬೆಳಿಗ್ಗೆ ಮೆಣಸು ತೂಗುತ್ತಿದ್ದ ಮಾವ ಎದೆ ಹಿಡಿದುಕೊಂಡು ಚೀಲದ ಮೇಲೆ ಕುಸಿದರು. ಚಿಕ್ಕಮಗಳೂರಿನ ಡಾಕ್ಟರು ಮಂಗಳೂರಿಗೆ ಕರೆದೊಯ್ಯಿರಿ, ಆಪರೇಷನ್ ಆಗಬೇಕು ಎಂದರು. ನಾನೂ ಜೊತೆಗೆ ಹೊರಟೆ. ಚಾರ್ಮಾಡಿ ಘಾಟಿಯಲ್ಲಿ ಕಾರು ಇಳಿಯುವಾಗ, ಏಳನೇ ತಿರುವು ಯಾವುದೆಂದು ಎಣಿಸಿದರೋ ಏನೋ, ಅತ್ತೆ ಒಂದು ಕಡೆ ಕಣ್ಣು ಮುಚ್ಚಿ ಮಾವನ ಕೈ ಹಿಡಿದುಕೊಂಡರು.

ಆಪರೇಷನ್ನಿನ ದಿನ ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಹೊಸ ಪುಸ್ತಕವೊಂದನ್ನು ಹಿಡಿದು ಕೂತಿದ್ದರು. ಹೊರಡುವ ಗಡಿಬಿಡಿಯಲ್ಲಿ ಮಂಡಿಯ ಬೆಂಚಿನ ಮೇಲಿಂದ ಎತ್ತಿಕೊಂಡು ಬಂದದ್ದು. ಓದಿ ಅತ್ತೆ, ಹೊತ್ತು ಹೋಗುತ್ತದೆ ಎಂದೆ. ಅವರು ಪುಸ್ತಕವನ್ನು ತಿರುಗಿಸಿ ಕೊನೆಯ ಹಾಳೆಗಳನ್ನು ಬೆರಳಿನಿಂದ ಸವರಿ ಸುಮ್ಮನೆ ಮಡಿಲಲ್ಲಿಟ್ಟುಕೊಂಡರು. ಕತ್ತರಿಸಿ ಯಾರ ಕೈಗೆ ಕೊಡುವುದು? ಊರಿನ ಎಲ್ಲ ದೆವ್ವಗಳನ್ನು ನೆಂಟರಂತೆ ಮಾತಾಡಿಸಿದ ಹೆಂಗಸು ಅಲ್ಲಿ ಹಸುಗೂಸಿನ ಹಾಗೆ ಹೆದರಿ ಕೂತಿದ್ದರು.

ಮಧ್ಯಾಹ್ನದ ಹೊತ್ತಿಗೆ ನರ್ಸ್ ಬಂದು, ಮನೆಯವರು ಯಾರಾದರೂ ಬನ್ನಿ, ಡಾಕ್ಟರು ಕರೆಯುತ್ತಿದ್ದಾರೆ ಎಂದಳು. ಅತ್ತೆ ಏಳಲಿಲ್ಲ.

"ನೀನು ಹೋಗು ಮಗಾ" ಎಂದರು. "ಕೊನೇದು ನೀನೇ ಓದ್ಕೊಂಡು ಬಾ."

ಒಳಗೆ ಮಾವ ಮೈತುಂಬ ಕೊಳವೆ ಹಾಕಿಸಿಕೊಂಡು ಮಲಗಿದ್ದರು. ನನ್ನನ್ನು ಕಂಡು ಕಣ್ಣು ತೆರೆದರು. ಏನೋ ಹೇಳಲು ತುಟಿ ಅಲುಗಿತು. ಬಗ್ಗಿ ಕಿವಿಕೊಟ್ಟೆ.

"ಓದ್ಬಹುದು ಅಂತ ಹೇಳು ಅವಳಿಗೆ."

ಅಳು ನುಗ್ಗಿ ಬಂತು. ಆದರೆ ಮರುಕ್ಷಣವೇ ಅನುಮಾನ. ಈ ಮನುಷ್ಯನ ಮಾತು ನಂಬುವುದು ಹೇಗೆ? ಕೊನೆ ಬದಲಾಯಿಸುವುದೇ ಇವರ ಚಾಳಿ! ಡಾಕ್ಟರನ್ನು ಪಕ್ಕಕ್ಕೆ ಕರೆದು ಕೇಳಿದೆ. ಎಲ್ಲ ಚೆನ್ನಾಗಿ ಆಗಿದೆ, ಕೆಲವು ದಿನದಲ್ಲಿ ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಮತ್ತೊಮ್ಮೆ ಕೇಳಿದೆ. ಅವರು ಸ್ವಲ್ಪ ಬೇಸರದಿಂದಲೇ ಮತ್ತೊಮ್ಮೆ ಅದನ್ನೇ ಹೇಳಿದರು.

ಹೊರಗೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. "ಓದ್ಬಹುದಂತೆ ಅತ್ತೆ" ಎಂದೆ.

ಅವರು ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತಾ ಕೇಳಿದರು. "ಇವರದ್ದೇ ಕೊನೆ ತಾನೇ? ಬೇರೆ ಯಾರದ್ದೋ ತಂದು ಹೊಲ್ದು ಕಳ್ಸಿಲ್ವಲ್ಲ?"

ಹಾಗಾದರೆ ಅತ್ತೆಗೆ ಎಲ್ಲ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿದ್ದೇ, ಗಂಡ ಆರಿಸಿ ಕೊಟ್ಟ ಕೊನೆಯನ್ನು ದಬ್ಬಣ ಹಿಡಿದು ಹೊಲಿದುಕೊಳ್ಳುತ್ತಿದ್ದರು.

"ಇವರದ್ದೇ ಅತ್ತೆ. ಡಾಕ್ಟ್ರನ್ನ ಎರಡು ಸಲ ಕೇಳ್ಕೊಂಡೇ ಬಂದೆ" ಎಂದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದರು. ನಾನು ಬಾಗಿಲ ಬಳಿಯೇ ಉಳಿದೆ. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿಸಿತು. ಬಸ್ಸಿನವರಿಗೆ, ಮದುಮಗಳಿಗೆ ಹೇಳುತ್ತಿದ್ದರಲ್ಲ, ಅದೇ ದನಿ. ಹೊಸ ಪುಸ್ತಕದ ಮೊದಲನೇ ಅಧ್ಯಾಯವನ್ನು ಮಾವನಿಗೆ ಓದಿ ಹೇಳುತ್ತಿದ್ದರು. ಮಾವ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು. ಕಾದಂಬರಿಯೊಂದು ಹೇಗೆ ಶುರುವಾಗುತ್ತದೆಂದು ಅವರಿಗೆ ಅಂದೇ ಮೊದಲ ಸಲ ಗೊತ್ತಾದದ್ದು.