ಮೆನುವಿನಲ್ಲಿಲ್ಲದ ಐದನೇ ಕೋಣೆ

"ನೋಡು, ವೆಬ್‌ಸೈಟ್ ಅಂದ್ರೆ ನಮ್ಮ ವಸತಿಗೃಹ ಇದ್ದ ಹಾಗೇನೇ. ಒಂದೊಂದು ಪುಟವೂ ಒಂದೊಂದು ಕೋಣೆ. ಮೇಲ್ಗಡೆ ಸಾಲಾಗಿ ಹೆಸರು ಕಾಣುತ್ತಲ್ಲ, ಅದೇ ಮೆನು. ಯಾವುದು ಮುಂದೆ, ಯಾವುದು ಹಿಂದೆ, ಯಾವುದರ ಹೊಟ್ಟೆಯೊಳಗೆ ಯಾವುದು, ಎಲ್ಲಾ ನಾನು ಎಳೆದು ಕೂರಿಸಿದ ಹಾಗೆ. ನಾನು ಒಂದು ಹೆಸರು ಎತ್ತಿದೆ ಅಂತಿಟ್ಕೋ, ಆ ಕೋಣೆ ಪ್ರಪಂಚದಲ್ಲೇ ಇಲ್ಲ! ಐದನೇದು ಸೋರ್ತಿದೆ ಅಲ್ವಾ? ಇಗೋ, ಎತ್ತಿದೆ. ಇನ್ನು ಆ ಕಡೆ ಒಂದು ನರಪಿಳ್ಳೆ ತಲೆ ಹಾಕಿದ್ರೆ ಕೇಳು."

ಯಜಮಾನರ ಈ ಪ್ರವಚನಕ್ಕೆ ಹೆಂಡತಿ "ಹೂಂ" ಎಂದಳು. ಆ ಮನೆಯಲ್ಲಿ ಹೂಂ ಎಂದರೆ 'ಆಮೇಲೆ ನೋಡ್ಕೋತೀನಿ' ಎಂದರ್ಥ.

ಕೋಣೆ ಸೋರುತ್ತಿರಲಿಲ್ಲ. (ಒಂದು ಚೊಂಬು ನೀರು ಚೆಲ್ಲಿದರೆ ಎಂಥ ಸೂರೂ ಸೋರುತ್ತದೆ.) ಪಾಪ, ಯಜಮಾನರಿಗೆ ಮಧ್ಯಾಹ್ನ ಕಣ್ಣು ಮುಚ್ಚಲು ಅಂಗೈಯಗಲ ಜಾಗವಿರಲಿಲ್ಲ, ಕೂತರೆ "ರೀ, ನಲ್ಲಿ", ಮಲಗಿದರೆ "ರೀ, ಬಲ್ಬು". ಅದಕ್ಕೇ ಈ ಮಾಯಾವಿದ್ಯೆ.

ನಾಲ್ಕು ದಿನ ಸ್ವರ್ಗಸುಖ. ಐದನೆಯ ಮಧ್ಯಾಹ್ನ ಆ ಕೋಣೆಯಲ್ಲಿ ಚಾದರ ಹೊದ್ದು ಮಲಗಿದ್ದವರಿಗೆ ಎಚ್ಚರವಾಯಿತು. ಕೋಣೆಯ ಹಿತ್ತಿಲ ಬಾಗಿಲ ಹಿಡಿ ಮೆಲ್ಲಗೆ ತಿರುಗುತ್ತಿತ್ತು. ಬಾಗಿಲು ಸದ್ದಿಲ್ಲದೆ ಸರಿದು, ಅಂಗಿ ಗುಂಡಿ ಮಾರುವ ಸೇಲ್ಸ್‌ನವನೊಬ್ಬ ಒಳಗೆ ಬಂದ. ಮಬ್ಬಿನಲ್ಲಿ ತಡವುತ್ತಾ ತನ್ನಷ್ಟಕ್ಕೇ ಪಿಸುಗುಟ್ಟಿದ:

"ಹಸಿರು ಪರದೆ... ನಿಂತ ಗಡಿಯಾರ... ಎಲ್ಲಾ ಹಾಗೇ ಇದೆ. ಕನ್ನಡೀಲಿದ್ದೋರು ಮಾತ್ರ ಇಲ್ಲ."

"ಯಾರದು?" ಎಂದಿತು ಚಾದರ.

ಸೇಲ್ಸ್‌ನವ ಗುಂಡಿಗಳನ್ನೆಲ್ಲ ಚೆಲ್ಲಿ ಓಟ ಕಿತ್ತ.

ಯಜಮಾನರು ಫೋನಿನಲ್ಲಿ ವೆಬ್‌ಸೈಟಿನ ಮೆನು ತೆರೆದರು. ಒಂದು, ಎರಡು, ಮೂರು, ನಾಲ್ಕು, ಆರು. ಐದು ಇಲ್ಲವೇ ಇಲ್ಲ! ಇಲ್ಲದ ಕೋಣೆಯ ಪರದೆಯ ಬಣ್ಣ ಅವನಿಗೆ ಹೇಳಿದವರು ಯಾರು?

ಮರುದಿನ ಯಜಮಾನರು ಧೈರ್ಯ ಮಾಡಿ ಮತ್ತೆ ಅಲ್ಲೇ ಚಾದರ ಹೊದ್ದು ಮಲಗಿದ್ದಾಗ, ನರ್ಸಮ್ಮ ಒಬ್ಬರು ಅದೇ ಬಾಗಿಲಲ್ಲಿ ನಿಂತರು. ಒಳಗೆ ಕಾಲಿಡಲಿಲ್ಲ.

"ಕೋಣೆ ಚೆನ್ನಾಗಿದೆ. ಆದ್ರೆ ಕನ್ನಡೀಲಿ ಒಬ್ರು ನಿಂತಿರ್ತಾರಲ್ಲ, ಮುಖ ಇಲ್ದೋರು, ಅವ್ರು ಖಾಲಿ ಮಾಡ್ತಾರಾ?"

ಚಾದರದ ಸಮೇತ ಎದ್ದು ನಿಂತ ಯಜಮಾನರು ಕತ್ತು ತಿರುಗಿಸಿದರು. ಕನ್ನಡಿಯೊಳಗೆ ತಲೆಯಿಂದ ಕಾಲಿನವರೆಗೆ ಬಿಳಿಯಾದ ಆಕಾರವೊಂದು ಅವರ ಕಡೆಗೇ ತಿರುಗುತ್ತಿತ್ತು. ಉಟ್ಟ ಪಂಚೆ ಎಲ್ಲೋ, ಹೊದ್ದ ಚಾದರ ಎಲ್ಲೋ, ಓಡಿ ಹೋಗಿ ಕೌಂಟರಿನ ಹಿಂದೆ ಹೆಂಡತಿಯ ಕಾಲ ಬಳಿ ಬಿದ್ದರು.

"ಐದನೇ ಕೋಣೇಲಿ ಯಾರೋ ಇದ್ದಾರೆ ಕಣೇ!"

"ಸೋರೋ ಕೋಣೇಲಿ ನಿಮಗೇನ್ರೀ ಕೆಲಸ?"

"ದಿನಾ ಅಲ್ಲೇ ಮಲಗ್ತೀನಲ್ಲೇ! ಸೋರೋದೂ ಇಲ್ಲ, ಮಣ್ಣೂ ಇಲ್ಲ..."

ಮಾತು ಬಾಯಿಂದ ಜಾರಿಹೋಗಿತ್ತು. ಹೆಂಡತಿ ಹಿಂದೆಯೇ ಬಂದ ನರ್ಸಮ್ಮನ ಫೋನು ಇಸಿದುಕೊಂಡಳು. ಅದರಲ್ಲಿ ಐದನೇ ಕೋಣೆಯ ಪುಟ ಜೀವಂತವಾಗಿತ್ತು. ಚಿತ್ರದೊಳಗಿನ ಕನ್ನಡಿಯಲ್ಲಿ ನಿಂತಿದ್ದ ಮನುಷ್ಯನಿಗೆ ಮುಖದ ಜಾಗದಲ್ಲಿ ಕಪ್ಪು ಹಲಗೆ. ಯಜಮಾನರು ಕೌಂಟರಿನ ಅಡಿಗೆ ಇನ್ನಷ್ಟು ಸರಿದರು. ಹೆಂಡತಿ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದಳು.

"ಈ ಹೊಟ್ಟೆ ಯಾರದ್ರೀ? ಈ ತೂತು ಬನಿಯನ್ನು? ಮುಖಕ್ಕೆ ಫೋನು ಅಡ್ಡ ಹಿಡ್ಕೊಂಡು ಕನ್ನಡಿ ಮುಂದೆ ಫೋಟೋ ತೆಗೆದ ಪುಣ್ಯಾತ್ಮ ಯಾರು?"

"ನಾನು ಬಾಡಿಗೆ ಕೋಣೆ ಅಂತ ಹುಡುಕಿದ್ರೆ ನೇರ ಈ ಪುಟಾನೇ ಬಂತು," ಎಂದರು ನರ್ಸಮ್ಮ. "ಹಿತ್ತಿಲಿಂದಲೇ ಬನ್ನಿ ಅಂತ ಬರೆದಿತ್ತು."

"ಬೋರ್ಡು ಕಿತ್ರೆ ಮನೆ ಮಾಯ ಆಗುತ್ತೇನ್ರೀ? ಮೆನುವಿಂದ ಹೆಸರು ತೆಗೆದ್ರಿ, ಪುಟ ಹಾಗೇ ಬಿಟ್ರಿ. ಸರಿಯಮ್ಮ, ಕೋಣೆ ಎಷ್ಟು ದಿನಕ್ಕೆ ಬೇಕು?"

"ಒಂದು ವರ್ಷ ಇರ್ತೀನಿ. ನಂದು ರಾತ್ರಿ ಪಾಳಿ. ಮಧ್ಯಾಹ್ನ ಪೂರ್ತಿ ನಿದ್ದೆ ಬೇಕು, ಅಷ್ಟೇ."

"ಧಾರಾಳವಾಗಿ ಮಲಗಿ. ಅಲ್ಲಿ ಒಳ್ಳೇ ನಿದ್ದೆ ಬರುತ್ತಂತೆ. ರೀ, ಕೇಳಿಸ್ತಾ?"

ಯಜಮಾನರಿಗೆ ಚೆನ್ನಾಗಿಯೇ ಕೇಳಿಸಿತ್ತು. ಬೀರುವಿನಿಂದ ಒಗೆದ ಚಾದರ ತೆಗೆದುಕೊಂಡು ಹೋಗಿ, ಐದನೇ ಕೋಣೆಯ ಹಾಸಿಗೆ ಕೊಡವಿ, ಸುಕ್ಕಿಲ್ಲದಂತೆ ಹಾಸಿ, ಮೂಲೆಗಳನ್ನು ಒಂದೊಂದಾಗಿ ಮಡಚಿ ಸಿಕ್ಕಿಸತೊಡಗಿದರು.